ಕಿಟ್ ಇಲ್ಲದೆ ಪೆನ್ ಮಾಡೋದು: ಕಡಿಮೆ ದುಡ್ಡಿಗೆ ಯಾವ ದಾರಿ ಒಳ್ಳೇದು?

ಪೆನ್ ಮಾಡುವ ಕಿಟ್ ಅಂದರೆ ಏನಂತ ಗೊತ್ತಲ್ವಾ? ಹಿತ್ತಾಳೆ ಕೊಳವೆ, ಮೂತಿ, ಕ್ಲಿಪ್, ರೀಫಿಲ್ ಎಲ್ಲ ಒಂದೇ ಪ್ಯಾಕೆಟ್‌ನಲ್ಲಿ ಬರುತ್ತವೆ. ಮರದ ತುಂಡಿಗೆ ತೂತು ಕೊರೆದು, ಕೊಳವೆ ಅಂಟಿಸಿ, ಹೊರಮೈ ಕಡೆದು, ಉಳಿದದ್ದನ್ನು ಒತ್ತಿ ಸೇರಿಸಿದರೆ ಪೆನ್ ಆಯಿತು. ಸುಲಭವಾದ ಕೆಲಸ. ಆದರೆ ಪ್ರತಿ ಪೆನ್ನಿಗೂ ಒಂದು ಕಿಟ್ ಕೊಳ್ಳಬೇಕು. ಕಿಟ್ ಮಾದರಿ ಬದಲಾದರೆ ಅದರ ಅಳತೆಯ ಬುಷ್‌ಗಳನ್ನೂ (ಕಡೆಯುವಾಗ ಅಳತೆ ತೋರಿಸುವ ಲೋಹದ ಬಳೆಗಳು) ಬೇರೆ ಕೊಳ್ಳಬೇಕು. ಹತ್ತು ಪೆನ್ ಮಾಡಿದರೆ ಹತ್ತು ಸಲ ಜೇಬಿಗೆ ಕೈ ಹಾಕಬೇಕು. ಕಿಟ್ ಬಿಟ್ಟರೆ ದುಡ್ಡು ಹೋಗೋದು ಒಂದು ಸಲ, ಉಪಕರಣಕ್ಕೆ. ಆಮೇಲೆ ಪ್ರತಿ ಪೆನ್ನಿಗೆ ಬೇಕಾಗೋದು ಒಂದು ರೀಫಿಲ್ ಅಥವಾ ಒಂದು ನಿಬ್ ಅಷ್ಟೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಮರ, ಯಾವ ಬಣ್ಣ ಅಂತ ಶುರು ಮಾಡಬೇಡಿ. ಬರೆಯುವ ತುದಿ ಯಾವುದು ಅಂತ ಶುರು ಮಾಡಿ. ರೀಫಿಲ್ ಆಗಲಿ ನಿಬ್ ಆಗಲಿ, ಅದರ ಅಳತೆ ನೋಡಿ ತೂತಿನ ಅಳತೆ, ತೂತು ನೋಡಿ ಡ್ರಿಲ್ ಬಿಟ್, ಟ್ಯಾಪ್ (ತೂತಿನೊಳಗೆ ತಿರುಪು ಕೊರೆಯುವ ಉಪಕರಣ), ಖರ್ಚು ಎಲ್ಲ ಗೊತ್ತಾಗುತ್ತದೆ. ಕೈ ಬಿಗಿ ಇದ್ದವರು ಮೊದಲ ಪೆನ್ನನ್ನು ಮರದಲ್ಲಿ ಮಾಡಿ, ಒಳಗೆ ಒಳ್ಳೆಯ ಲೋಹದ ರೀಫಿಲ್ ಹಾಕಿ. ಎರಡನೆಯದಕ್ಕೆ ಹಳೆ ಶಾಲೆ ಪೆನ್ನಿನ ನಿಬ್ ಭಾಗ ಇಟ್ಟುಕೊಂಡು ಇಂಕ್ ಪೆನ್ ಮಾಡಿ. ಲೇತ್ (ತಿರುಗಿಸಿ ಕಡೆಯುವ ಯಂತ್ರ) ಕೊಳ್ಳುವ ಯೋಚನೆ ಸದ್ಯಕ್ಕೆ ಬಿಡಿ. ನಮ್ಮ ಬೆಳಗಾವಿಯಲ್ಲಿ ಲೇತ್‌ಗೆ ಬರ ಇಲ್ಲ.

ಬಿದಿರಿನ ಕಲಮು

ಖರ್ಚೇ ಇಲ್ಲದ ದಾರಿ ಇದು. ಒಣಗಿದ ಬಿದಿರು, ಹರಿತವಾದ ಚಾಕು, ಒಂದು ಸಂಜೆ ಇದ್ದರೆ ಸಾಕು. ಕಿರುಬೆರಳಿನ ಗಾತ್ರದ ಬಿದಿರನ್ನು ಗೇಣುದ್ದ ಕತ್ತರಿಸಿ. ತುದಿಯ ಹತ್ತಿರ ಗಂಟು ಬರಬಾರದು. ತುದಿಯನ್ನು ಓರೆಯಾಗಿ ಇಳಿಸಿ, ಒಳಗಿನ ಮೆತ್ತನೆ ಭಾಗವನ್ನು ಕೆರೆದು ತೆಗೆಯಿರಿ. ಹೊರಗಿನ ಗಟ್ಟಿ ಸಿಪ್ಪೆಯೇ ನಿಬ್. ಅದರ ನಡುವೆ ಉದ್ದಕ್ಕೆ ಒಂದು ಸಣ್ಣ ಸೀಳು ಕೊಡಿ. ಕೊನೆಗೆ ತುದಿಯನ್ನು ಗಟ್ಟಿ ಹಲಗೆಯ ಮೇಲಿಟ್ಟು ಒಂದೇ ಒತ್ತಿಗೆ ಕತ್ತರಿಸಿ.

ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ಗೋಡೆಯ ಮೇಲಿನ ಅರಬ್ಬಿ ಬರಹ ನೋಡಿರುತ್ತೀರಿ. ಒಂದೇ ಗೆರೆ ಒಂದು ಕಡೆ ದಪ್ಪ, ತಿರುವಿನಲ್ಲಿ ಸಣ್ಣ. ಕೆತ್ತಿದ್ದು ಕಲ್ಲಿನಲ್ಲಿ ನಿಜ, ಆದರೆ ಆ ದಪ್ಪ-ಸಣ್ಣದ ಗುಣ ಬಂದಿದ್ದು ಓರೆಯಾಗಿ ಕತ್ತರಿಸಿದ ಕಲಮಿನಿಂದ. ಮದುವೆ ಕಾಗದದ ಮೇಲೆ ಹೆಸರು ಬರೆಯೋಕೆ, ಶಾಲೆಯ ಫಲಕಕ್ಕೆ, ದೊಡ್ಡ ಅಕ್ಷರದ ಚಂದಕ್ಕೆ ಇದಕ್ಕಿಂತ ಒಳ್ಳೆಯ ಪೆನ್ ಇಲ್ಲ.

ದಿನದ ಬಳಕೆಗೆ ಮಾತ್ರ ಆಗೋದಿಲ್ಲ. ನಾಲ್ಕಾರು ಅಕ್ಷರಕ್ಕೊಮ್ಮೆ ಅದ್ದಬೇಕು. ತಂಪು ಪಾನೀಯದ ಡಬ್ಬಿಯಿಂದ ಸಣ್ಣ ಪಟ್ಟಿ ಕತ್ತರಿಸಿ, ಬಾಗಿಸಿ ಕಲಮಿನ ಒಳಬದಿಗೆ ಸಿಕ್ಕಿಸಿದರೆ ಅದರ ಹಿಂದೆ ಇಂಕು ನಿಲ್ಲುತ್ತದೆ, ಒಂದೆರಡು ಪದ ಜಾಸ್ತಿ ಬರೆಯಬಹುದು. ಇನ್ನೊಂದು ಅನುಕೂಲ ಏನಂದರೆ ಚಿತ್ರ ಬರೆಯುವವರ ಕಪ್ಪು ಇಂಡಿಯನ್ ಇಂಕು ಇದಕ್ಕೆ ನಡೆಯುತ್ತದೆ. ಅದನ್ನು ಇಂಕ್ ಪೆನ್ನಿಗೆ ತುಂಬಿದರೆ ಒಳಗೇ ಒಣಗಿ ಪೆನ್ ಕಟ್ಟಿಕೊಳ್ಳುತ್ತದೆ.

ಮರದ ಮೈ, ಒಳಗೆ ರೀಫಿಲ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಹೆಚ್ಚಿನವರಿಗೆ ಸರಿಹೋಗುವ ದಾರಿ ಇದೇ.

ರೀಫಿಲ್ ಆರಿಸುವಾಗ ಎರಡು ಜಾತಿ ಕಣ್ಣಿಗೆ ಬೀಳುತ್ತವೆ. ಒಂದು, ಐದು-ಹತ್ತು ರೂಪಾಯಿಗೆ ಸಿಗುವ ತೆಳು ಪ್ಲಾಸ್ಟಿಕ್ ಕಡ್ಡಿ. ಇನ್ನೊಂದು, ಪಾರ್ಕರ್ ಮಾದರಿಯ ದಪ್ಪ ಲೋಹದ ರೀಫಿಲ್. ಪ್ಲಾಸ್ಟಿಕ್ ಕಡ್ಡಿ ಅಗ್ಗ, ಆದರೆ ಕಂಪನಿಯಿಂದ ಕಂಪನಿಗೆ ಉದ್ದ, ದಪ್ಪ ಬೇರೆ. ಇವತ್ತು ಹಾಕಿದ್ದು ಮುಗಿದ ಮೇಲೆ ಅದೇ ಅಳತೆಯದ್ದು ಸಿಗುತ್ತದೆ ಅಂತ ನಂಬುವ ಹಾಗಿಲ್ಲ. ಪಾರ್ಕರ್ ಮಾದರಿ ಹಾಗಲ್ಲ. ಅದು ಜಗತ್ತಿನಾದ್ಯಂತ ಒಂದೇ ಅಳತೆ: ಉದ್ದ ಸುಮಾರು 98 ಮಿ.ಮೀ., ದಪ್ಪ 6 ಮಿ.ಮೀ. ಬೇರೆ ಬೇರೆ ಕಂಪನಿಗಳು ಇದೇ ಅಳತೆಯಲ್ಲಿ ಬಾಲ್ ರೀಫಿಲ್ಲನ್ನೂ ಜೆಲ್ ರೀಫಿಲ್ಲನ್ನೂ ಮಾಡುತ್ತವೆ. ಬೆಲೆ ಜಾಸ್ತಿಯಾದರೂ ನಾನು ಇದನ್ನೇ ಹೇಳೋದು. ಕೈಯಿಂದ ಮಾಡಿದ ಪೆನ್ ಹತ್ತು ವರ್ಷ ಬಾಳಬೇಕು, ಅಷ್ಟು ವರ್ಷವೂ ಅದಕ್ಕೆ ರೀಫಿಲ್ ಸಿಗಬೇಕು.

ಈಗ ತೂತಿನ ವಿಷಯ. ಇಲ್ಲೇ ಹೆಚ್ಚಿನವರು ಸಿಕ್ಕಿಬೀಳೋದು. ಅಂಗಡಿಯಲ್ಲಿ ಕೊಡುವ ಮಾಮೂಲಿ 6 ಮಿ.ಮೀ. ಬಿಟ್‌ನ ಒಟ್ಟು ಉದ್ದ 93 ಮಿ.ಮೀ. ಅದರಲ್ಲಿ ಸುರುಳಿ ಇರುವ ಭಾಗ 57 ಮಾತ್ರ. 98ರ ರೀಫಿಲ್ ಕೂರಿಸೋಕೆ ಅದು ಸಾಲದು. ಇದಕ್ಕೆ ಮೂರು ಪರಿಹಾರ ಇವೆ.

ಉದ್ದ ಬಿಟ್ ಕೇಳಿ ತರೋದು ಮೊದಲನೆಯದು. ಒಳ್ಳೇದೇ, ಆದರೆ ಕೈ ಡ್ರಿಲ್‌ನಲ್ಲಿ ಉದ್ದ ಬಿಟ್ ಓಡಿಸಿದರೆ ಅದು ಮರದ ಎಳೆ ಹಿಡಿದು ಪಕ್ಕಕ್ಕೆ ಸರಿಯುತ್ತದೆ. ಪೆನ್ನಿನ ಮೈಯನ್ನು ಎರಡು ತುಂಡಿನಲ್ಲಿ ಮಾಡೋದು ಎರಡನೆಯದು. ಪ್ರತಿ ತುಂಡಿಗೂ ಮಾಮೂಲಿ ಬಿಟ್ ಸಾಕು, ನಡುವೆ ಒಂದು ಗಿಡ್ಡ ಹಿತ್ತಾಳೆ ಕೊಳವೆ ಇಟ್ಟು ಸೇರಿಸಬೇಕು. ಮೂರನೆಯದು ಪೆನ್ಸಿಲ್ ಮಾಡುವ ಕ್ರಮ, ನನಗೆ ಬಹಳ ಇಷ್ಟವಾದದ್ದು. ಮರವನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಎರಡರಲ್ಲೂ ದುಂಡು ಅರದಿಂದ ಅರ್ಧರ್ಧ ಗಾಡಿ (ಸಣ್ಣ ತೋಡು) ತೆಗೆದು, ಮತ್ತೆ ಅಂಟಿಸಿಬಿಡೋದು. ಈ ಉದ್ದ ತೂತಿಗೆ ಡ್ರಿಲ್ಲೇ ಬೇಡ. ಒಂದೇ ಮರದ ಎರಡು ಸೀಳನ್ನು ಮೊದಲಿದ್ದ ಹಾಗೇ ಜೋಡಿಸಿದರೆ ಅಂಟಿನ ಗೆರೆ ಹುಡುಕಿದರೂ ಸಿಗೋದಿಲ್ಲ. ಅಂಟು ಹಚ್ಚುವಾಗ ಗಾಡಿಯೊಳಗೆ ಮೇಣ ಸವರಿದ ಕಡ್ಡಿ ಇಟ್ಟಿರಿ, ಇಲ್ಲದಿದ್ದರೆ ಫೆವಿಕಾಲ್ ಒಳಗೆ ಇಳಿದು ತೂತನ್ನು ಮುಚ್ಚುತ್ತದೆ.

ತೂತು ಆದಮೇಲೆ ಹೊರಮೈ. ಈ ಕ್ರಮ ತಿರುಗುಮುರುಗು ಆಗಬಾರದು. ಮೊದಲು ಚಂದದ ದುಂಡು ಕೋಲು ಮಾಡಿಕೊಂಡು ಆಮೇಲೆ ನಡುವೆ ತೂತು ಕೊರೆಯಲು ಹೋದರೆ ತೂತು ಒಂದು ಬದಿಗೆ ಬಂದೇ ಬರುತ್ತದೆ. ಮೊದಲು ತೂತು ಕೊರೆದರೆ ಅದು ಸ್ವಲ್ಪ ಓರೆಯಾದರೂ ಪರವಾಗಿಲ್ಲ, ಹೊರಮೈಯನ್ನು ತೂತಿಗೆ ಸರಿಯಾಗಿ ಕಡೆದುಕೊಳ್ಳಬಹುದು. ಹೇಗೆ ಅಂದರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ6 ಥ್ರೆಡ್ ರಾಡ್ (6 ಮಿ.ಮೀ. ದಪ್ಪದ, ಉದ್ದಕ್ಕೂ ತಿರುಪು ಇರುವ ಸರಳು) ಸಿಗುತ್ತದೆ. ಒಂದು ಗೇಣಿನಷ್ಟು ತಂದು ಮರದ ತೂತಿನಲ್ಲಿ ತೂರಿಸಿ. ಸಡಿಲ ಅನಿಸಿದರೆ ರಾಡಿಗೆ ಟೇಪ್ ಸುತ್ತಿ. ಎರಡೂ ತುದಿಗೆ ವಾಶರ್ ಹಾಕಿ ನಟ್ ಬಿಗಿಯಿರಿ. ರಾಡಿನ ಒಂದು ತುದಿಯನ್ನು ಡ್ರಿಲ್‌ನ ಚಕ್‌ಗೆ (ಬಿಟ್ ಹಿಡಿಯುವ ಬಾಯಿಗೆ) ಕಚ್ಚಿಸಿ. ಡ್ರಿಲ್ಲನ್ನು ಮೇಜಿಗೆ ಭದ್ರವಾಗಿ ಬಿಗಿಯಿರಿ. ಇನ್ನೊಂದು ತುದಿ ಸುಮ್ನೆ ಗಾಳಿಯಲ್ಲಿ ಇರಬಾರದು. ಮರದ ಹಲಗೆಯಲ್ಲಿ ತೂತು ಮಾಡಿ, ಎಣ್ಣೆ ಹನಿಸಿ, ಅದರಲ್ಲಿ ತಿರುಗುವ ಹಾಗೆ ಮಾಡಿ. ಇಷ್ಟಾದರೆ ನಿಮ್ಮ ಲೇತ್ ತಯಾರು. ಮೊದಲು ಚಾಕುವಿನಿಂದ ಮೂಲೆಗಳನ್ನು ಕೆತ್ತಿ, ಆಮೇಲೆ ಡ್ರಿಲ್ ನಿಧಾನ ತಿರುಗಿಸುತ್ತಾ ಅರ, ಕೊನೆಗೆ 80ರಿಂದ ಶುರು ಮಾಡಿ 400ರವರೆಗೆ ಪಾಲಿಶ್ ಪೇಪರ್. ಕೈಗವಸು ಹಾಕಬೇಡಿ, ತೋಳು ಮಡಚಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಮುಂದಿನ ಮೂತಿಗೆ ಮರ ಬೇಡ. ರೀಫಿಲ್ಲಿನ ಸಣ್ಣ ತುದಿ ಹೊರಬರುವ ಜಾಗದಲ್ಲಿ ಮರ ತೆಳುವಾಗಿ ಸೀಳುತ್ತದೆ. ಅದೇ ರೀಫಿಲ್ ಬಳಸುವ ಹಾಳಾದ ಪೆನ್ನಿನ ಲೋಹದ ಮೂತಿ ಸಿಕ್ಕರೆ ಅರಾಲ್ಡೈಟ್‌ನಿಂದ ಕೂರಿಸಿ. ಹಿಂದಿನ ತುದಿಗೆ 6.8 ಮಿ.ಮೀ. ತೂತು ಮಾಡಿ ಎಂ8 ಟ್ಯಾಪ್ ಓಡಿಸಿ. ಎಂ8 ಅಂದರೆ ಯಾವ ಅಂಗಡಿಯಲ್ಲಾದರೂ ಸಿಗುವ ಅಳತೆ. ಮರದಲ್ಲಿ ಕೊರೆದ ಆಟೆಗೆ (ತಿರುಪಿನ ಗೆರೆಗಳಿಗೆ) ನಾಲ್ಕು ಹನಿ ಫೆವಿಕ್ವಿಕ್ ಕುಡಿಸಿ, ಒಣಗಿದ ಮೇಲೆ ಟ್ಯಾಪನ್ನು ಇನ್ನೊಮ್ಮೆ ಹಾಯಿಸಿದರೆ ಆಟೆ ಗಟ್ಟಿಯಾಗುತ್ತದೆ. ಹಿತ್ತಾಳೆಯ ಎಂ8 ಬೋಲ್ಟಿನ ತಲೆಯನ್ನು ಅರದಿಂದ ದುಂಡಗೆ ಮಾಡಿದರೆ ಅದೇ ಮುಚ್ಚಳ. ಬಿಗಿದಷ್ಟೂ ರೀಫಿಲ್ ಮುಂದೆ ಬರುತ್ತದೆ. ತುದಿ ಎಷ್ಟು ಹೊರಗೆ ಇರಬೇಕು ಅನ್ನೋದನ್ನು ಆ ಬೋಲ್ಟಿನಿಂದಲೇ ಸರಿಮಾಡಬಹುದು.

ಹಳೆ ಪೆನ್ನಿನ ನಿಬ್, ಹೊಸ ಮೈ

ಇಂಕ್ ಪೆನ್ನಿನ ಆಸೆ ಇದ್ದವರು ನೇರವಾಗಿ ಜರ್ಮನ್ ನಿಬ್ ಹುಡುಕಲು ಹೋಗುತ್ತಾರೆ. ಅಂಥ ಒಂದು ನಿಬ್ ಯೂನಿಟ್ಟಿನ ದುಡ್ಡಿಗೆ ಶಾಲೆ ಮಕ್ಕಳ ಇಂಕ್ ಪೆನ್ ಹಲವಾರು ಬರುತ್ತವೆ. ಆ ಶಾಲೆ ಪೆನ್ನಿನಲ್ಲಿ ನಿಮಗೆ ಕಷ್ಟವಾದ ಎಲ್ಲ ಕೆಲಸವೂ ಆಗಿಹೋಗಿದೆ: ನಿಬ್, ಅದರ ಕೆಳಗಿನ ಕಪ್ಪು ನಾಲಿಗೆ, ಹಿಡಿಯುವ ಗ್ರಿಪ್, ಸಣ್ಣ ಆಟೆ, ಕ್ಯಾಪ್. ನೀವು ಮಾಡಬೇಕಾದ್ದು ಮೈ ಒಂದೇ.

ಇಲ್ಲಿ ಎರಡು ದಾರಿ. ಕಾರ್ಟ್ರಿಜ್ (ಇಂಕು ತುಂಬಿದ ಸಣ್ಣ ಕೊಳವೆ) ಹಾಕುವ ಪೆನ್ ಆದರೆ ಅದರ ಬ್ಯಾರಲ್ಲಿನ (ಗ್ರಿಪ್ಪಿನ ಹಿಂದಿನ ಮೈಯ) ಆಟೆ ಇರುವ ಭಾಗವನ್ನಷ್ಟೇ ಬೆರಳಿನ ಗೆಣ್ಣಿನಷ್ಟು ಉದ್ದಕ್ಕೆ ಗರಗಸದಿಂದ ಕತ್ತರಿಸಿ ಹೊಸ ಮೈಯೊಳಗೆ ಅಂಟಿಸಿ. ಟ್ಯಾಪ್ ಕೊಳ್ಳುವ ಪ್ರಶ್ನೆಯೇ ಇಲ್ಲ. ಬ್ಯಾರಲ್ಲಿಗೇ ಇಂಕು ತುಂಬುವ ಪೆನ್ ಆದರೆ ಹಾಗೆ ಮಾಡಬೇಡಿ. ಇಂಕು ಮರಕ್ಕೆ ತಾಗಿದರೆ ಎಳೆ ಹಿಡಿದು ಹೊರಗೆ ಬರುತ್ತದೆ, ಯಾವ ಪಾಲಿಶ್ ಹೊಡೆದರೂ ನಿಲ್ಲೋದಿಲ್ಲ. ಹಳೆ ಬ್ಯಾರಲ್ಲನ್ನು ಪೂರ್ತಿ ಉಳಿಸಿಕೊಂಡು ಅದರ ಮೇಲೆ ಮರದ ಹೊದಿಕೆ ಕೂರಿಸಿ. ಪ್ಲಾಸ್ಟಿಕ್ ಒಳಗಿನ ಇಂಕು ಪ್ಲಾಸ್ಟಿಕ್ ಒಳಗೇ ಇರುತ್ತದೆ.

ಅಂಗಡಿಯಲ್ಲಿ ಪೆನ್ ಆರಿಸುವಾಗ ಇಂಗ್ಲಿಷ್ ಸಹಿ ಮಾಡಿ ನೋಡಬೇಡಿ. "ಲಕ್ಷ್ಮೀ", "ಸ್ತ್ರೀ", "ರಾಷ್ಟ್ರ" ಬರೆದು ನೋಡಿ. ಕನ್ನಡದ ಒತ್ತಕ್ಷರ ಕೆಳಗೆ ಸಣ್ಣದಾಗಿ ಕೂರಬೇಕು. ನಿಬ್ ದಪ್ಪ ಇದ್ದರೆ ಒತ್ತಿನ ಹೊಟ್ಟೆ ತುಂಬಿ ಚುಕ್ಕೆಯಾಗುತ್ತದೆ, ನಮ್ಮ ತೆಳು ನೋಟ್‌ಬುಕ್ ಹಾಳೆಯಲ್ಲಿ ಇನ್ನೂ ಹರಡುತ್ತದೆ. ಕನ್ನಡ ಬರೆಯುವವರಿಗೆ ಸಣ್ಣ ನಿಬ್ಬೇ ಸರಿ.

ಪೂರ್ತಿ ರಾಡಿನಿಂದ

ಗ್ರಿಪ್, ಬ್ಯಾರಲ್, ಕ್ಯಾಪ್ ಮೂರನ್ನೂ ನೀವೇ ಕಡೆದು ನಿಬ್ ಮಾತ್ರ ಕೊಳ್ಳುವ ದಾರಿ. ರಾಜಮಹೇಂದ್ರಿಯ ರತ್ನಂ ಪೆನ್ನುಗಳು ಸ್ವದೇಶಿ ಚಳವಳಿಯ ಕಾಲದಿಂದ ಹೀಗೇ, ಎಬೊನೈಟ್ ಅನ್ನುವ ಗಟ್ಟಿ ರಬ್ಬರಿನ ರಾಡಿನಿಂದ ತಯಾರಾಗಿದ್ದು. ಮಾಡಿದವರಿಗೆ ಇದರ ಸುಖ ಗೊತ್ತು. ಆದರೆ ಬಜೆಟ್ ಬಿಗಿ ಇದ್ದವರು ಇಲ್ಲಿ ಎಚ್ಚರದಿಂದ ಹೆಜ್ಜೆ ಇಡಬೇಕು, ಯಾಕಂದರೆ ದುಡ್ಡು ತಿನ್ನೋದು ಆಟೆ.

ಅಂಗಡಿಯ ಮಾಮೂಲಿ ಎಂ12 ಟ್ಯಾಪಿನ ಪಿಚ್ (ಆಟೆಯ ಒಂದು ಗೆರೆಯಿಂದ ಮುಂದಿನ ಗೆರೆಗಿರುವ ಅಂತರ) 1.75 ಮಿ.ಮೀ. ಬೋಲ್ಟಿನ ಮೇಲಿನ ಆಟೆಯ ಆಳ ಪಿಚ್‌ನ ಸುಮಾರು 0.61 ಪಾಲು. ಅಂದರೆ ಒಂದು ಬದಿಗೆ 1 ಮಿ.ಮೀ.ಗೂ ಜಾಸ್ತಿ. ಪೆನ್ನಿನ ಗೋಡೆಯ ದಪ್ಪವೇ ಹೆಚ್ಚು ಕಡಿಮೆ ಅಷ್ಟು, ಆಟೆ ಕೊರೆದರೆ ಗೋಡೆಯೇ ಉಳಿಯೋದಿಲ್ಲ. ಪಿಚ್ 0.75 ಇರುವ ಸಣ್ಣ ಆಟೆ ಆದರೆ ಆಳ ಅರ್ಧ ಮಿ.ಮೀ.ಗಿಂತ ಕಡಿಮೆ. ಗೋಡೆ ಉಳಿಯುತ್ತದೆ. ಆದರೆ ಕ್ಯಾಪ್ 6 ಮಿ.ಮೀ. ಒಳಗೆ ಹೋಗಬೇಕಾದರೆ ಎಂಟು ಸುತ್ತು ತಿರುಗಿಸಬೇಕು. ಇದನ್ನು ತಪ್ಪಿಸೋಕೆ ಒಳ್ಳೆಯ ಪೆನ್ನುಗಳಲ್ಲಿ ಮೂರು ಆಟೆ ಒಟ್ಟಿಗೆ ಓಡುತ್ತವೆ, ಎರಡೂವರೆ-ಮೂರು ಸುತ್ತಿಗೆ ಕ್ಯಾಪ್ ಬರುತ್ತದೆ. ಅಂಥ ಟ್ಯಾಪ್, ಡೈ (ಹೊರಮೈ ಮೇಲೆ ಆಟೆ ಕೊರೆಯುವ ಉಪಕರಣ) ಬಹಳ ದುಬಾರಿ.

ಅಗ್ಗದ ಉತ್ತರ ಹೀಗಿದೆ. ಗ್ರಿಪ್ ಮತ್ತು ಬ್ಯಾರಲ್ ಸೇರುವ ಜಾಗಕ್ಕೆ ಸಣ್ಣ ಪಿಚ್‌ನ ಒಂದೇ ಟ್ಯಾಪ್-ಡೈ ಜೊತೆ ಕೊಳ್ಳಿ. ಅಲ್ಲಿ ಎಷ್ಟು ಸುತ್ತಾದರೂ ಪರವಾಗಿಲ್ಲ, ಇಂಕು ತುಂಬುವಾಗ ಮಾತ್ರ ತೆಗೆಯೋದು. ಕ್ಯಾಪಿಗೆ ಆಟೆ ಬೇಡ. ಬ್ಯಾರಲ್ಲಿನ ಮೇಲೆ ಗಾಡಿ ತೆಗೆದು ರಬ್ಬರ್ ಓ-ರಿಂಗ್ ಕೂರಿಸಿ, ಕ್ಯಾಪ್ ಒತ್ತಿ ಹಾಕುವ ಹಾಗೆ ಮಾಡಿ. ಬೆಳಗಾವಿ ಹೈಡ್ರಾಲಿಕ್ ಸಾಮಾನಿನ ಊರು, ಬೇಕಾದ ಗಾತ್ರದ ಓ-ರಿಂಗ್ ಚಿಲ್ಲರೆ ದುಡ್ಡಿಗೆ ಸಿಗುತ್ತದೆ.

ನಿಬ್ ಮತ್ತು ನಾಲಿಗೆಯನ್ನು ಯೂನಿಟ್ ಆಗಿ ಕೊಳ್ಳದೆ ಬಿಡಿಯಾಗಿ ಕೊಂಡು, ಗ್ರಿಪ್ಪಿನ ತೂತಿಗೆ ನೇರ ಒತ್ತಿ ಕೂರಿಸಬಹುದು. ಹಳೆಯ ಭಾರತೀಯ ಪೆನ್ನುಗಳ ಕ್ರಮವೇ ಅದು. ತೂತು ಬಿಗಿಯಾಗಿ ಸರಿ ಇರಬೇಕು ಅಷ್ಟೇ. ಮೊದಲು ಬೇಡದ ತುಂಡಿನಲ್ಲಿ ಕೊರೆದು ನೋಡಿ. ನಾಲಿಗೆ ಎಬೊನೈಟ್‌ದಾದರೆ ಬಿಸಿ ನೀರಲ್ಲಿ ಅದ್ದಿ, ಮೆತ್ತಗಾದಾಗ ನಿಬ್ಬಿಗೆ ಒತ್ತಿ ಹಿಡಿದರೆ ನಿಬ್ಬಿನ ಹೊಟ್ಟೆಗೆ ಸರಿಯಾಗಿ ಅಂಟಿ ಕೂರುತ್ತದೆ. ಪ್ಲಾಸ್ಟಿಕ್ ನಾಲಿಗೆಗೆ ಈ ಉಪಾಯ ಬೇಡ.

ಬ್ಯಾರಲ್ಲಿಗೇ ಇಂಕು ತುಂಬುವ ಪೆನ್ನಿನಲ್ಲಿ ನಮ್ಮ ಕಡೆ ಬೇಸಿಗೆಯ ತೊಂದರೆ ಒಂದಿದೆ. ಇಂಕು ಕಡಿಮೆಯಾದಷ್ಟೂ ಒಳಗೆ ಗಾಳಿ ಜಾಸ್ತಿ. ಕೈ ಬಿಸಿಗೆ, ಹೊರಗಿನ ಬಿಸಿಲಿಗೆ ಆ ಗಾಳಿ ಹಿಗ್ಗಿ ಇಂಕನ್ನು ನಿಬ್ಬಿನಿಂದ ಹೊರಗೆ ದೂಡುತ್ತದೆ, ಹಾಳೆ ಮೇಲೆ ತೊಟ್ಟಿಕ್ಕುತ್ತದೆ. ಬಾಗಲಕೋಟೆ, ವಿಜಯಪುರದ ಏಪ್ರಿಲ್-ಮೇ ಬಿಸಿಲಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಮೂರನೇ ಒಂದು ಪಾಲಿಗೆ ಇಳಿಯುವ ಮುಂಚೆಯೇ ತುಂಬಿಕೊಳ್ಳಿ. ಆಟೆಗೆ ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿ.

ಯಾವ ಸಾಮಾನು?

ಮರದಲ್ಲಿ ನನ್ನ ಮೊದಲ ಆಯ್ಕೆ ಜಾಲಿ. ನಮ್ಮ ಕಡೆ ಕೂರಿಗೆ, ಕುಂಟೆ, ಬಂಡಿ ಗಾಲಿ ಎಲ್ಲ ಅದರದ್ದೇ. ಮುರಿದ ಕೂರಿಗೆಯ ತುಂಡು ಯಾವ ಹಳ್ಳಿಯ ಬಡಿಗೇರ ಮನೆ ಮುಂದೆಯಾದರೂ ಬಿದ್ದಿರುತ್ತದೆ. ವರ್ಷಗಟ್ಟಲೆ ಬಿಸಿಲು-ಮಳೆ ಕಂಡ ಕಟ್ಟಿಗೆ ಅದು, ಇನ್ನು ಮೇಲೆ ಸೊಟ್ಟಗಾಗೋದಿಲ್ಲ. ಕೆಂಪು ಮಿಶ್ರಿತ ಕಂದು ಬಣ್ಣ, ಗಟ್ಟಿ, ಭಾರ. ಅರ ಹಿಡಿಯೋಕೆ ಕಷ್ಟ, ಆದರೆ ಕೈಯಲ್ಲಿ ಹಿಡಿದಾಗ ಆ ಕಷ್ಟ ಸಾರ್ಥಕ ಅನಿಸುತ್ತದೆ. ಸಾಗವಾನಿ ಕೆಲಸಕ್ಕೆ ಸುಲಭ, ಬಾಗಿಲು-ಕಿಟಕಿ ಮಾಡುವಲ್ಲಿ ತುಂಡು ಕೇಳಿದರೆ ಕೊಡುತ್ತಾರೆ. ಕಲಿಯುವವರಿಗೆ ಸಾಗವಾನಿಯೇ ಸರಿ. ಹಸಿ ಕಟ್ಟಿಗೆ ಯಾವುದೇ ಇರಲಿ, ಮುಟ್ಟಬೇಡಿ.

ರಾಡಿನಲ್ಲಿ ಎಬೊನೈಟ್ ಇಂಕಿಗೆ ಬಹಳ ಒಳ್ಳೇದು. ಹಗುರ, ಕೈಯ ಬಿಸಿಯನ್ನು ಒಳಗೆ ಬೇಗ ಬಿಡೋದಿಲ್ಲ. ಕಡೆಯುವಾಗ ಗಂಧಕದ ವಾಸನೆ ಬರುತ್ತದೆ, ಬಿಸಿಲಲ್ಲಿ ಇಟ್ಟರೆ ಬಣ್ಣ ಮಾಸುತ್ತದೆ. ಅಕ್ರಿಲಿಕ್ ಹೊಳಪು ಚೆನ್ನಾಗಿ ಬರುತ್ತದೆ, ಆದರೆ ಆತುರ ಮಾಡಿದರೆ ಚಕ್ಕೆ ಏಳುತ್ತದೆ, ಡ್ರಿಲ್ ಬಿಸಿಯಾದರೆ ಕರಗಿ ಬಿಟ್‌ಗೆ ಅಂಟುತ್ತದೆ. ನೀರು ಹನಿಸುತ್ತಾ ಕೊರೆಯಬೇಕು.

ಕಡಿಮೆ ದುಡ್ಡಿನವರಿಗೆ ನಾನು ಮನಸ್ಸಿಟ್ಟು ಹೇಳೋದು ಡೆಲ್ರಿನ್. ಮಷಿನ್ ಶಾಪ್‌ಗಳಲ್ಲಿ ಬುಷ್, ಗೇರ್ ಮಾಡುವ ಬಿಳಿ ಅಥವಾ ಕಪ್ಪು ಪ್ಲಾಸ್ಟಿಕ್ ಅದು. ಆಟೆ ಬೆಣ್ಣೆಯ ಹಾಗೆ ಕಚ್ಚುತ್ತದೆ, ಇಂಕಿಗೆ ಏನೂ ಆಗೋದಿಲ್ಲ. ಎರಡು ಕೊರತೆ: ಮಾಮೂಲಿ ಅಂಟು ಅದಕ್ಕೆ ಹಿಡಿಯೋದಿಲ್ಲ, ಕನ್ನಡಿಯಂಥ ಹೊಳಪು ಬರೋದಿಲ್ಲ. ಗ್ರಿಪ್ಪಿಗೆ ಈ ಎರಡೂ ಬೇಕಿಲ್ಲ. ನೋಡೋಕೆ ಒಂದೇ ತರ ಇರುವ ನೈಲಾನ್ ತಂದುಬಿಡಬೇಡಿ, ಅದು ನೀರು ಹೀರಿ ಹಿಗ್ಗುತ್ತದೆ, ಬಿಗಿ ಇದ್ದ ಆಟೆ ಹಿಡಿದುಕೊಳ್ಳುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಬಾಲ್‌ಪೆನ್ನಿಗೆ ಸರಿ, ಇಂಕು ನೇರ ತಾಗುವ ಜಾಗಕ್ಕೆ ಬೇಡ. ಹಿತ್ತಾಳೆ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಭಾರ ಅನ್ನೋದನ್ನೂ ನೆನಪಿಡಿ. ಒಂದು ಪುಟ ಬರೆದಾಗ ಕೈಗೆ ಗೊತ್ತಾಗುತ್ತದೆ.

ಸ್ವಂತ ಲೇತೋ, ಉದ್ಯಮಬಾಗಕ್ಕೆ ಹೋಗೋದೋ?

ಸಣ್ಣ ಲೇತ್ ಅಂದರೂ ಹತ್ತಾರು ಸಾವಿರ, ಮೇಲೆ ಚಕ್, ಟೂಲ್, ಜಾಗ. ಕೈ ಡ್ರಿಲ್ ಒಂದೆರಡು ಸಾವಿರದೊಳಗೆ ಬರುತ್ತದೆ, ಮನೆ ಕೆಲಸಕ್ಕೂ ಆಗುತ್ತದೆ. ಮರದ ಪೆನ್ನಿಗೆ ಡ್ರಿಲ್ ಸಾಕು. ಸಣ್ಣ ಆಟೆ, ಸರಿಯಾದ ತೂತು ಬೇಕಾದ ಗ್ರಿಪ್ಪಿಗೆ ಮಾತ್ರ ಲೇತ್ ಬೇಕು. ಅದಕ್ಕೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ ಇದೆಯಲ್ಲ! ಅಲ್ಲಿ, ಮಚ್ಛೆಯಲ್ಲಿ ಓಣಿಗೊಂದು ಟರ್ನಿಂಗ್ ಶಾಪ್. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ "ಕಾಕಾ, ಡೆಲ್ರಿನ್ ತುಂಡ ಏನರ ಉಳದಾವೇನ್ರಿ?" ಅಂತ ಕೇಳಿ. ಅವರಿಗೆ ಬೇಡವಾದ ಬೆರಳುದ್ದದ ತುಂಡು ನಿಮಗೆ ಒಂದು ಗ್ರಿಪ್.

ಕೆಲಸ ಮಾಡಿಸುವಾಗ ಬಾಯಲ್ಲಿ ಹೇಳಬೇಡಿ. ಹಾಳೆಯ ಮೇಲೆ ಚಿತ್ರ ಬರೆದು ಪ್ರತಿ ಅಳತೆಯನ್ನೂ ಮಿ.ಮೀ.ನಲ್ಲಿ ಹಾಕಿ. ನಿಬ್ಬು, ನಾಲಿಗೆಯನ್ನು ಜೊತೆಗೇ ಒಯ್ಯಿರಿ, ಟರ್ನರ್ ಕೈಯಾರೆ ಹಾಕಿ ನೋಡಲಿ. ಒಂದೇ ಪೀಸ್ ಕೇಳಬೇಡಿ. ನೀವು ದುಡ್ಡು ಕೊಡೋದು ಕಡೆಯುವ ಎರಡು ನಿಮಿಷಕ್ಕಲ್ಲ, ಮಷಿನ್ ಸೆಟ್ ಮಾಡುವ ಹೊತ್ತಿಗೆ. ನಾಲ್ಕೈದು ಒಟ್ಟಿಗೆ ಮಾಡಿಸಿದರೆ ಒಂದೊಂದರ ಖರ್ಚು ಬಹಳ ಇಳಿಯುತ್ತದೆ. ಗೆಳೆಯರು ಇದ್ದರೆ ಹಂಚಿಕೊಳ್ಳಿ. ಮೂರು ಆಟೆಯ ಕ್ಯಾಪ್ ಬೇಕೇ ಬೇಕು ಅನ್ನುವವರಿಗೂ ಇದೇ ದಾರಿ: ಅನುಭವ ಇರುವ ಟರ್ನರ್ ದುಬಾರಿ ಟ್ಯಾಪ್ ಇಲ್ಲದೆಯೇ ಲೇತ್ ಮೇಲೆ ಆ ಆಟೆ ಕಡೆಯಬಲ್ಲರು. ಐಟಿಐ ಓದುವ ತಮ್ಮನೋ ಅಳಿಯನೋ ಮನೆಯಲ್ಲಿದ್ದರೆ ಇನ್ನೂ ಒಳ್ಳೇದು.

ಮೇಲಿನ ಹೊಳಪು

ಹೊರದೇಶದವರು ಮರದ ಪೆನ್ನಿಗೆ ಫೆವಿಕ್ವಿಕ್ ಜಾತಿಯ ಅಂಟನ್ನೇ ಪದರ ಪದರವಾಗಿ ಹಚ್ಚಿ ಹೊಳಪು ತರುತ್ತಾರೆ. ಗಾಜಿನಂತೆ ಕಾಣುತ್ತದೆ, ಆದರೆ ಒಂದು ಪೆನ್ನಿಗೆ ಎಷ್ಟೋ ಟ್ಯೂಬ್ ಬೇಕು. ಬಡಗಿಗಳು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಅರಗು ಅಗ್ಗ, ಬೇಗ ಒಣಗುತ್ತದೆ. ಬೆವರುವ ಕೈಗೆ ಮಾತ್ರ ಅಂಟಂಟಾಗಬಹುದು, ಸ್ಯಾನಿಟೈಜರ್ ತಾಗಿದರೆ ಮಾಸುತ್ತದೆ.

ನನಗೆ ಒಪ್ಪೋದು ಅಗಸಿ ಎಣ್ಣೆ. ನಮ್ಮ ಹೊಲದ ಬೆಳೆ. ಅದು ಗಾಳಿಗೆ ತಾನೇ ಗಟ್ಟಿಯಾಗುತ್ತದೆ. ಕುಸುಬಿ ಎಣ್ಣೆಯೂ ಆಗುತ್ತದೆ, ಇನ್ನೂ ನಿಧಾನ. ಶೇಂಗಾ ಎಣ್ಣೆ ಬೇಡ, ಅದು ಒಣಗೋದೇ ಇಲ್ಲ, ಪೆನ್ ಯಾವಾಗಲೂ ಜಿಡ್ಡು. ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ತಿಕ್ಕಿ. ವಾರಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಬೇಡಿ. ಹೆಸರು ಬರೆಸಬೇಕು, ಕೆತ್ತಿಸಬೇಕು ಅಂತಿದ್ದರೆ ಮೊದಲ ಕೈ ಎಣ್ಣೆಗೂ ಮುಂಚೆ ಮಾಡಿಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾಗಿದ್ದರೆ ಆ ಬಿಸಿ ಒಳಗೇ ಕೂಡಿ ಬೆಂಕಿ ಹತ್ತುವುದುಂಟು. ಬಟ್ಟೆಯನ್ನು ಬಿಡಿಸಿ ಹೊರಗೆ ಹಗ್ಗದ ಮೇಲೆ ಒಂಟಿಯಾಗಿ ಒಣಹಾಕಿ, ಅಥವಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಇಡಿ.